ಅಲೆಂಟೌನ್‌ನಿಂದ ಇಂಡಿಯಾನಾಪೊಲಿಸ್‌ವರೆಗೆ: ಡ್ರಮ್ ಕೋರ್ ಋತುವಿನ ಕೊನೆಯ ಒಂಬತ್ತು ದಿನ

ಶುಕ್ರವಾರ, ಅಲೆಂಟೌನ್

ಡ್ರಮ್ ಕೋರ್, ಅಂದರೆ ಹಿತ್ತಾಳೆ ವಾದ್ಯ, ಡ್ರಮ್, ಬಾವುಟ ಹಿಡಿದು ಮೈದಾನದಲ್ಲಿ ನಡೆಯುತ್ತಾ ನುಡಿಸುವ ತಂಡಗಳ ಸ್ಪರ್ಧೆ ಶುರುವಾಗುವುದು ಸಂಜೆಗೆ. ಆದರೂ ಹಳೆಯ ಅಭಿಮಾನಿಗಳು ಮಧ್ಯಾಹ್ನ ಮೂರಕ್ಕೆಲ್ಲ ಬಂದು ಕ್ರೀಡಾಂಗಣದ ಸುತ್ತಲಿನ ಹುಲ್ಲುಜಾಗ, ಪಾರ್ಕಿಂಗ್ ಜಾಗಗಳಲ್ಲಿ ಅಡ್ಡಾಡುತ್ತಿರುತ್ತಾರೆ. ಇದಕ್ಕೆ ‘ಲಾಟ್’ ಅನ್ನುತ್ತಾರೆ. ಟಿಕೆಟ್ ಬೇಕಿಲ್ಲ, ಕುರ್ಚಿಯೂ ಇಲ್ಲ. ಹತ್ತು ಅಡಿ ದೂರದಲ್ಲಿ ಒಂಬತ್ತು ಸ್ನೇರ್ (ಎರಡು ಕೋಲಿನಿಂದ ಬಾರಿಸುವ ಡ್ರಮ್) ವಾದಕರು ಕಮಾನಿನಂತೆ ನಿಂತು ಕೈ ಬಿಸಿಮಾಡಿಕೊಳ್ಳುತ್ತಿರುತ್ತಾರೆ. ಈ ಕಲೆಯನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಮುಂದಿನ ಒಂಬತ್ತು ದಿನಗಳಲ್ಲಿ ಇನ್ನೆಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಪೆನ್ಸಿಲ್ವೇನಿಯಾದ ಅಲೆಂಟೌನ್ ನ್ಯೂಆರ್ಕ್ ವಿಮಾನ ನಿಲ್ದಾಣದಿಂದ ಸುಮಾರು 125 ಕಿಲೋಮೀಟರ್, ಫಿಲಡೆಲ್ಫಿಯಾದಿಂದ ನೂರು. ನ್ಯೂಜೆರ್ಸಿಯ ಎಡಿಸನ್ ಆಸುಪಾಸಿನ ಕನ್ನಡಿಗರು ಸಂಜೆ ಹೋಗಿ ರಾತ್ರಿ ಮನೆ ಸೇರಿಕೊಳ್ಳಬಹುದು. ಮಕ್ಕಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿನಲ್ಲಿದ್ದರೆ ಕರೆದುಕೊಂಡು ಬನ್ನಿ. ಅವರ ಶಾಲೆಯ ಬ್ಯಾಂಡ್ ಮಾಸ್ತರರು ಯಾವುದನ್ನು ಅನುಕರಿಸಲು ಹೆಣಗುತ್ತಿದ್ದಾರೆ ಅನ್ನುವುದು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಹೊಸಬರಿಗೆ ಎರಡು ಮಾತು. ಡ್ರಮ್ ಕೋರ್‌ನಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನ್, ಕೊಳಲು ಇರುವುದಿಲ್ಲ. ಹಿತ್ತಾಳೆ ವಾದ್ಯ, ತಾಳವಾದ್ಯ ಮತ್ತು ಬಾವುಟ, ಮರದ ರೈಫಲ್, ಕತ್ತಿ ಹಿಡಿಯುವ ಕಲರ್ ಗಾರ್ಡ್, ಇಷ್ಟೇ. ಒಂದು ತಂಡಕ್ಕೆ ಗರಿಷ್ಠ 165 ಮಂದಿ. ದೊಡ್ಡ ತಂಡವಾದರೆ ಹಾರ್ನ್‌ಲೈನಿನಲ್ಲಿ, ಅಂದರೆ ಹಿತ್ತಾಳೆಯವರ ಪಡೆಯಲ್ಲಿ, ಎಂಬತ್ತರ ಆಸುಪಾಸು, ಹೆಗಲಿಗೆ ಡ್ರಮ್ ಹೊತ್ತು ನಡೆಯುವ ಬ್ಯಾಟರಿಯಲ್ಲಿ ಹತ್ತೊಂಬತ್ತು ಇಪ್ಪತ್ತು, ಮೈದಾನದ ಮುಂದೆ ನೆಲಕ್ಕಿಟ್ಟ, ಪಟ್ಟಿಗಳನ್ನು ಬಾರಿಸಿ ನುಡಿಸುವ ಮರಿಂಬಾ, ವೈಬ್ರಫೋನ್ ಮತ್ತು ಸಿಂಥಸೈಜರ್‌ಗಳ ‘ಪಿಟ್’ನಲ್ಲಿ ಹದಿನೈದರಿಂದ ಇಪ್ಪತ್ತು, ಗಾರ್ಡ್‌ನಲ್ಲಿ ನಲವತ್ತು ಚಿಲ್ಲರೆ, ಜೊತೆಗೆ ಕೈಬೀಸಿ ತಾಳ ತೋರಿಸುವ ಡ್ರಮ್ ಮೇಜರ್‌ಗಳು. 22 ತುಂಬುವ ಹೊತ್ತಿಗೆ ಹೊರಬೀಳಬೇಕು. ಇಡೀ ಬೇಸಿಗೆ ಎಲ್ಲರೂ ಕಲಿಯುವುದು ಒಂದೇ ಪ್ರದರ್ಶನ, ಹನ್ನೆರಡು ನಿಮಿಷದ ಒಳಗಿನದು.

ಲಾಟ್‌ನಲ್ಲಿ ಎಲ್ಲಿ ನಿಲ್ಲಬೇಕು? ಸ್ನೇರ್ ಕಮಾನಿನ ಎದುರು, ನಡುವಿನವನ ನೇರಕ್ಕೆ, ನಾಲ್ಕೈದು ಮೀಟರ್ ಬಿಟ್ಟು. ‘ಡಾಕ್ಟರ್ ಬೀಟ್’ ಎಂಬ ಮೆಟ್ರೋನೋಮಿಗೆ (ತಾಳ ಹಾಕುವ ಯಂತ್ರ) ಸ್ಪೀಕರ್ ಜೋಡಿಸಿ ಪಕ್ಕದಲ್ಲೆಲ್ಲೋ ಇಟ್ಟಿರುತ್ತಾರೆ. ಅದಕ್ಕೂ ವಾದಕರಿಗೂ ಮಧ್ಯೆ ನಿಂತರೆ ತರಬೇತುದಾರ ಸೌಜನ್ಯದಿಂದಲೇ ಎಬ್ಬಿಸುತ್ತಾನೆ. ಮೊದಲು ‘ಎಯ್ಟ್ಸ್’ ಬರುತ್ತದೆ, ಒಂದೊಂದು ಕೈಗೆ ಎಂಟೆಂಟು ಪೆಟ್ಟು. ಕಿವಿಗಿಂತ ಕಣ್ಣಿಗೆ ಕೆಲಸ ಕೊಡಿ. ಕೋಲಿನ ತುದಿ ಮೂರು ಇಂಚು, ಆರು, ಒಂಬತ್ತು, ಹನ್ನೆರಡು ಹೀಗೆ ಗೊತ್ತುಮಾಡಿದ ಎತ್ತರಕ್ಕೆ ಏರುತ್ತದೆ. ಒಂಬತ್ತೂ ಕೋಲು ಒಂದೇ ಎತ್ತರಕ್ಕೆ ಹೋಗಿ ನಿಂತರೆ ದನಿ ತಾನಾಗಿಯೇ ಒಂದಾಗುತ್ತದೆ. ಒಬ್ಬನ ಎಡಗೈ ಅರ್ಧ ಇಂಚು ತಗ್ಗಿದರೂ ಅದು ಕಿವಿಗೆ ‘ಮಸುಕು’ ಅನ್ನಿಸುತ್ತದೆ, ಯಾಕೆಂದು ಕಣ್ಣಿಗೆ ಗೊತ್ತಾಗುತ್ತದೆ.

ಹತ್ತಿರ ಹೋದವರು ಕೋಲುಗಳನ್ನೂ ಗಮನಿಸಲಿ. ಬಿಳಿ ಟೇಪ್ ಸುತ್ತಿರುತ್ತಾರೆ. ದೂರಕ್ಕೆ ಕಾಣಲಿ ಅನ್ನುವುದು ಒಂದು ಕಾರಣ. ಅಂಚಿಗೆ ಬಡಿದು ಮರ ಸಿಗಿಯದಿರಲಿ ಅನ್ನುವುದು ಇನ್ನೊಂದು. ಸ್ನೇರಿನ ಮೇಲ್ಚರ್ಮ ಕೆವ್ಲಾರ್ ಜಾತಿಯ ನೂಲಿನಿಂದ ನೇಯ್ದದ್ದು, ಮೇಜಿನ ಹಲಗೆಯಷ್ಟು ಬಿಗಿ. ಆ ಬಿಗಿತದಿಂದಲೇ ಒಂದೊಂದು ಪೆಟ್ಟೂ ನೂರು ಮೀಟರ್ ಆಚೆಗೂ ಬಿಡಿಬಿಡಿಯಾಗಿ ಕೇಳಿಸುವುದು, ಮಣಿಕಟ್ಟು ನೋಯುವುದೂ ಅದರಿಂದಲೇ.

ಐದು ಬಾಸ್ ಡ್ರಮ್‌ಗಳ ಸಾಲನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಇಡೀ ಬ್ಯಾಟರಿಯಲ್ಲಿ ಅತ್ಯಂತ ಕಷ್ಟದ ಕೆಲಸ ಅವರದು. ಒಂದು ಓಟದ ಸ್ವರಗಳನ್ನು ಐವರೂ ಹಂಚಿಕೊಳ್ಳುತ್ತಾರೆ, ಒಬ್ಬೊಬ್ಬನಿಗೆ ಒಂದೊಂದು ಪೆಟ್ಟು. ನಿಮಿಷಕ್ಕೆ 180 ಬಡಿತದ ವೇಗದಲ್ಲಿ ಬಡಿತಕ್ಕೆ ನಾಲ್ಕು ಪೆಟ್ಟಾದರೆ ಎರಡು ಪೆಟ್ಟುಗಳ ನಡುವೆ 0.083 ಸೆಕೆಂಡ್. ಅಷ್ಟರಲ್ಲಿ ತನ್ನ ಸರದಿ ಹಿಡಿಯಬೇಕು. ಮೃದಂಗದ ಮುಕ್ತಾಯವೊಂದನ್ನು ಐದು ಜನ ಒಂದೊಂದು ಅಕ್ಷರ ಹಂಚಿಕೊಂಡು ನುಡಿಸುವುದನ್ನು ಊಹಿಸಿಕೊಳ್ಳಿ.

ಕತ್ತಲಾಗುತ್ತಿದ್ದಂತೆ ಜೆ. ಬರ್ನಿ ಕ್ರಮ್ ಕ್ರೀಡಾಂಗಣದೊಳಗೆ. 1948ರ ಕಾಂಕ್ರೀಟ್ ಕಟ್ಟಡ, ಊರಿನ ಶಾಲೆಗಳಿಗೆ ಸೇರಿದ್ದು. ಬೆಂಚುಗಳು ಗಟ್ಟಿ, ದಿಂಬು ತನ್ನಿ. ಇದು ಅಮೆರಿಕನ್ ಫುಟ್‌ಬಾಲ್ ಮೈದಾನ, 50 ಗಜದ ಗೆರೆಯೇ ನಟ್ಟನಡು; 40ರಿಂದ 50ರ ಗಜದ ಗೆರೆಗಳ ನಡುವೆ, ಆದಷ್ಟು ಮೇಲೆ ಕೂರಿ. ಇಲ್ಲಿ ಛಾವಣಿಯೂ ಇಲ್ಲ, ಮರುದನಿಯೂ ಇಲ್ಲ. ಎಂಬತ್ತು ಹಿತ್ತಾಳೆ ವಾದ್ಯಗಳು ಒಟ್ಟಿಗೆ ಬಾಯಿ ಎತ್ತಿ ಊದಿದಾಗ ದನಿ ನೇರವಾಗಿ ಎದೆಗೆ ಬರುತ್ತದೆ. ಇಂಡಿಯಾನಾಪೊಲಿಸ್‌ನ ಫೈನಲ್ಸ್‌ಗಿಂತ ಅಲೆಂಟೌನೇ ಮೇಲು ಅನ್ನುವವರು ಬಹಳ, ಆ ಮಾತಿನಲ್ಲಿ ಹುರುಳಿದೆ.

ಶನಿವಾರ, ಮತ್ತೆ ಅಲೆಂಟೌನ್

ತಂಡಗಳನ್ನು ಎರಡು ರಾತ್ರಿಗೆ ಹಂಚಿರುವುದರಿಂದ ಮೊದಲ ದಿನ ಕಾಣದವರು ಇವತ್ತು. ಆಗಸ್ಟ್ ತಿಂಗಳ ಈ ಭಾಗದಲ್ಲಿ ಸಂಜೆ ಗುಡುಗು ಸಾಮಾನ್ಯ. ಮಿಂಚು ಕಂಡರೆ ಮೈದಾನ ಖಾಲಿ. ಕೊನೆಯ ಮಿಂಚಿನಿಂದ ಅರ್ಧ ಗಂಟೆ ಎಣಿಸುತ್ತಾರೆ, ನಡುವೆ ಇನ್ನೊಂದು ಮಿಂಚಿದರೆ ಎಣಿಕೆ ಮತ್ತೆ ಮೊದಲಿನಿಂದ. ಮಳೆ ಜೋರಾದರೆ ಸ್ಪರ್ಧೆ ನಿಲ್ಲುತ್ತದೆ. ಕೆಲವೊಮ್ಮೆ ತಂಡಗಳು ಅಂಕವಿಲ್ಲದೆ ನಿಂತಲ್ಲೇ ನುಡಿಸಿ ಕೊಡುವುದುಂಟು, ಸಿಕ್ಕಿದರೆ ಬಿಡಬೇಡಿ. ಮಳೆಗಿಂತ ಗಾಳಿ ಅಪಾಯ. ಗಾಲಿಗಳ ಮೇಲೆ ನಿಲ್ಲಿಸಿದ ಎರಡಾಳೆತ್ತರದ ರಂಗಸಜ್ಜಿಕೆಗಳು ಹಾಯಿಯ ಹಾಗೆ ಗಾಳಿ ಹಿಡಿದು ಮಕ್ಕಳ ಮೇಲೆಯೇ ನುಗ್ಗುತ್ತವೆ, ಆದ್ದರಿಂದ ಬಿರುಗಾಳಿಯ ದಿನ ಅವನ್ನು ಒಳಗೇ ತರುವುದಿಲ್ಲ. ಆ ದಿನ ಯಾವ ತಂಡದ ಪ್ರದರ್ಶನ ಸಜ್ಜಿಕೆಯಿಲ್ಲದೆಯೂ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ನೋಡಿ. ವಿನ್ಯಾಸಕಾರರ ಬಂಡವಾಳ ಬಯಲಾಗುತ್ತದೆ.

ಶ್ರುತಿಯ ವಿಷಯವೂ ಇವತ್ತು ಗಮನಿಸತಕ್ಕದ್ದು, ಯಾಕೆಂದರೆ ಐದು ದಿನ ಬಿಟ್ಟು ಇದು ತಲೆಕೆಳಗಾಗುತ್ತದೆ. ಗಾಳಿ ಬಿಸಿಯಾದಷ್ಟೂ ಕೊಳವೆಯೊಳಗೆ ದನಿಯ ವೇಗ ಹೆಚ್ಚು, ಶ್ರುತಿ ಏರುತ್ತದೆ. ಒಂದು ಡಿಗ್ರಿಗೆ ಸುಮಾರು ಮೂರು ಸೆಂಟ್, ಅಂದರೆ ಅರ್ಧಸ್ವರದ ನೂರರಲ್ಲಿ ಮೂರು ಪಾಲು. ಉಸಿರಿನ ಬಿಸಿ ಕೊಳವೆಯೊಳಗೇ ಇರುವುದರಿಂದ ನಿಜವಾದ ವ್ಯತ್ಯಾಸ ಅದಕ್ಕಿಂತ ಕಡಿಮೆ. ಮರಿಂಬಾದ ಪಟ್ಟಿಗಳು ಹೀಗೆ ಏರುವುದಿಲ್ಲ, ಸಿಂಥಸೈಜರ್ ಅಂತೂ ಅಲುಗುವುದೇ ಇಲ್ಲ. 33 ಡಿಗ್ರಿಯ ಬಯಲಿನಲ್ಲಿ ಟ್ರಂಪೆಟ್‌ಗಳು ತಮ್ಮ ಸ್ಲೈಡನ್ನು (ಶ್ರುತಿ ಹೊಂದಿಸುವ ಜಾರುಕೊಳವೆ) ಹೊರಗೆಳೆದು ಪಿಟ್‌ಗೆ ಹೊಂದಿಸಿಕೊಂಡಿರುತ್ತವೆ. ಗುರುವಾರ 21 ಡಿಗ್ರಿಯ ಮುಚ್ಚಿದ ಕ್ರೀಡಾಂಗಣಕ್ಕೆ ಹೋದೊಡನೆ ಅದೇ ಸ್ಲೈಡ್‌ನಲ್ಲಿ ಶ್ರುತಿ ಇಳಿದಿರುತ್ತದೆ. ಹೊರಗೆ ಬಿಸಿಲಲ್ಲಿ ವಾರ್ಮ್-ಅಪ್ ಮಾಡಿ ಒಳಗೆ ನುಡಿಸುವಾಗ ಸ್ಲೈಡನ್ನು ಕೆಲವು ಮಿಲಿಮೀಟರ್ ಒಳತಳ್ಳುವುದನ್ನು ಮರೆತ ಒಂದು ಸಾಲು ಸಾಕು, ಮೊದಲ ದೀರ್ಘಸ್ವರವೇ ಹುಳಿ.

ಅಲೆಂಟೌನ್‌ಗೂ ಕೆಡೆಟ್ಸ್ ತಂಡಕ್ಕೂ ಹಳೆಯ ನಂಟು. 1934ರಲ್ಲಿ ನ್ಯೂಜೆರ್ಸಿಯ ಗಾರ್ಫೀಲ್ಡ್‌ನಲ್ಲಿ ಹುಟ್ಟಿದ ತಂಡ, ಬಹುಕಾಲ ಇದೇ ಊರನ್ನು ಕೇಂದ್ರ ಮಾಡಿಕೊಂಡಿತ್ತು. 1983, 84, 85ರಲ್ಲಿ ಸತತ ಮೂರು ಸಲ ಗೆದ್ದು, ಜಾರ್ಜ್ ಝಿಂಗಾಲಿಯ ಚಲನವಿನ್ಯಾಸದಿಂದ ಮೈದಾನದ ವ್ಯಾಕರಣವನ್ನೇ ಬದಲಾಯಿಸಿತು. ಅದಕ್ಕೂ ಮೊದಲು ತಂಡಗಳು ಐವತ್ತರ ಗೆರೆಗೆ ಕನ್ನಡಿ ಹಿಡಿದಂತೆ ಎಡಬಲ ಸಮನಾಗಿ ನಡೆಯುತ್ತಿದ್ದವು. ಕೆಡೆಟ್ಸ್ ಆ ಸಮತೆಯನ್ನು ಮುರಿದು, ಓಡುವ, ಬಾಗುವ, ಒಂದರೊಳಗೊಂದು ಕರಗುವ ಆಕಾರಗಳನ್ನು ತಂದಿತು. 2024ರ ವಸಂತದಲ್ಲಿ ಅದು ಬಾಗಿಲು ಹಾಕಿತು. ಇಲ್ಲಿ ಆ ತಂಡದ ಬಣ್ಣವಾದ ಮರೂನ್ ಟೀಶರ್ಟ್ ಹಾಕಿಕೊಂಡು ಬರುವ ಹಿರಿಯರು ಈಗಲೂ ಇದ್ದಾರೆ.

ಭಾನುವಾರ, ರಸ್ತೆ

ಇಂಡಿಯಾನಾಪೊಲಿಸ್‌ಗೆ ಸುಮಾರು ಸಾವಿರ ಕಿಲೋಮೀಟರ್. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿ ಹಿಡಿದು ಪಿಟ್ಸ್‌ಬರ್ಗ್ ಕಡೆಗೆ, ಅಲ್ಲಿಂದ ಐ-70 ಹೆದ್ದಾರಿಯಲ್ಲಿ ಕೊಲಂಬಸ್, ಡೇಟನ್ ದಾಟಿ ಇಂಡಿಯಾನಾ. ಊಟ, ವಿರಾಮ ಸೇರಿ ಹನ್ನೊಂದು ಗಂಟೆ ಇಟ್ಟುಕೊಳ್ಳಿ. ಟರ್ನ್‌ಪೈಕಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ನಂಬರ್ ಪ್ಲೇಟಿನ ಫೋಟೊ ತೆಗೆದು ಬಿಲ್ ಕಳಿಸುತ್ತಾರೆ, ಬಾಡಿಗೆ ಕಾರಾದರೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತದೆ. ಟೋಲ್ ತಾನಾಗಿ ಕಟ್ಟುವ ಇ-ಝಡ್‌ಪಾಸ್ ಇದ್ದರೆ ಅಗ್ಗ.

ತಂಡಗಳು ಹೋಗುವುದು ರಾತ್ರಿಯೇ. ಪ್ರದರ್ಶನ ಮುಗಿದು ಊಟವಾದ ಮೇಲೆ ನಾಲ್ಕೈದು ಬಸ್, ವಾದ್ಯಗಳ ಲಾರಿ, ಅಡುಗೆಮನೆಯ ಲಾರಿ ಹೊರಡುತ್ತವೆ. ಮಕ್ಕಳು ಬಸ್ಸಿನಲ್ಲಿ ನಿದ್ದೆ ಮಾಡಿ, ಬೆಳಗಿನ ಜಾವ ಯಾವುದೋ ಶಾಲೆಯ ಜಿಮ್ ನೆಲಕ್ಕೆ ಗಾಳಿಹಾಸಿಗೆ ಬಿಡಿಸಿ ಇನ್ನಷ್ಟು ಹೊತ್ತು ಮಲಗುತ್ತಾರೆ. ದಿನಕ್ಕೆ ನಾಲ್ಕು ಊಟ, ಎಲ್ಲವೂ ಲಾರಿಯೊಳಗೆ ಬೇಯುವುದು, ಬಡಿಸುವವರು ಬಹುತೇಕ ಸ್ವಯಂಸೇವಕರು. ದೊಡ್ಡ ತಂಡದಲ್ಲಿ ಒಂದು ಬೇಸಿಗೆಗೆ ಸದಸ್ಯ ತಾನೇ ಕಟ್ಟುವ ಶುಲ್ಕ ಐದು ಸಾವಿರ ಡಾಲರ್ ದಾಟಿದೆ. ಅದಲ್ಲದೆ ಶೂ, ವಿಮಾನ, ಚಳಿಗಾಲದ ಕ್ಯಾಂಪುಗಳ ಖರ್ಚು. ಈ ಕಲೆಗೆ ಇರುವ ನಿಜವಾದ ಅಪಾಯ ಇದೇ. ಟೋಪಿ ಹೋಯಿತು, ಸಮವಸ್ತ್ರ ಹೋಯಿತು ಎಂದು ಗೊಣಗುವ ಹಳಬರು ಈ ಲೆಕ್ಕ ನೋಡುವುದೊಳ್ಳೆಯದು. ಏಳು ಸಲ ಗೆದ್ದ, 2018ರಲ್ಲೂ ಗೆದ್ದ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಹಣದ ತೊಂದರೆಯಿಂದ 2023ರಲ್ಲಿ ಮೈದಾನಕ್ಕೇ ಇಳಿಯಲಿಲ್ಲ. 2024ರಲ್ಲಿ ಮರಳಿತು ಅನ್ನುವುದು ಸಮಾಧಾನ.

ಇಷ್ಟು ಉದ್ದದ ದಾರಿಯಲ್ಲಿ ವಾದ್ಯಗಳ ಜಗಳ ಬರಲೇಬೇಕು. ಮೊದಲನೆ ಮಹಾಯುದ್ಧದ ನಂತರ ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂದಂಥ ನಿವೃತ್ತ ಸೈನಿಕರ ಸಂಘಗಳು, ಚರ್ಚುಗಳು, ಸ್ಕೌಟ್ ದಳಗಳು ಬ್ಯೂಗಲ್ (ಸೈನ್ಯದ ಕಹಳೆ) ತಂಡಗಳನ್ನು ಸಾಕಿದವು. ನಿಯಮಗಳೂ ಅವರದೇ. ಆ ಹಿಡಿತ ಬೇಡವೆಂದು ಕ್ಯಾವಲಿಯರ್ಸ್ ತಂಡದ ಡಾನ್ ವಾರೆನ್, ಟ್ರೂಪರ್ಸ್ ತಂಡದ ಜಿಮ್ ಜೋನ್ಸ್ ಮುಂತಾದವರು ಕಟ್ಟಿಕೊಂಡದ್ದು ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಡಿಸಿಐ. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್, ಗೆದ್ದದ್ದು ಅನಾಹೈಮ್ ಕಿಂಗ್ಸ್‌ಮೆನ್. ಆಗ ಎಲ್ಲರ ಕೈಯಲ್ಲೂ ಜಿ ಶ್ರುತಿಯ ಬ್ಯೂಗಲ್. ಸ್ವರ ಬದಲಿಸಲು ಒತ್ತುವ ವಾಲ್ವ್ ಎರಡು ಬಂದದ್ದು 1977ರಲ್ಲಿ, ಮೂರು 1990ರಲ್ಲಿ. 2000ದಿಂದ ಯಾವ ಶ್ರುತಿಯ ಹಿತ್ತಾಳೆಯಾದರೂ ಸರಿ, 2004ರಿಂದ ಮೈಕ್, 2009ರಿಂದ ಸಿಂಥಸೈಜರ್, 2014ರಿಂದ ಟ್ರೊಂಬೋನ್ ಕೂಡ. ಪ್ರತಿಸಲವೂ ‘ಮುಗಿಯಿತು, ಕಲೆ ಸತ್ತಿತು’ ಎಂಬ ಕೂಗು ಎದ್ದಿದೆ. ಜಿ ಬ್ಯೂಗಲ್‌ನ ಒರಟು ಅಬ್ಬರಕ್ಕೆ ಈಗಿನ ಬಿ-ಫ್ಲಾಟ್ ವಾದ್ಯಗಳು ಸಾಟಿಯಲ್ಲ, ಒಪ್ಪಬೇಕು. ಅದೇ ಹಳೆಯ ಧ್ವನಿಮುದ್ರಿಕೆಗಳಲ್ಲಿ ಶ್ರುತಿ ಎಷ್ಟು ಕಡೆ ಒಡೆದಿದೆ ಅನ್ನುವುದನ್ನೂ ಒಪ್ಪಬೇಕು.

ಮೈಕ್ ವಿಷಯದಲ್ಲಿ ಮಾತ್ರ ದೂರು ಉಳಿದೇ ಇದೆ. ಮರಿಂಬಾಗೆ ಮೈಕ್ ಬಂದದ್ದು ಒಳ್ಳೆಯದೇ ಆಯಿತು. ಮೊದಲು ದೂರಕ್ಕೆ ಕೇಳಲೆಂದು ಮಕ್ಕಳು ಪಟ್ಟಿ ಮುರಿಯುವಂತೆ ಬಾರಿಸುತ್ತಿದ್ದರು, ಈಗ ವಾದ್ಯಕ್ಕೆ ತಕ್ಕ ಕೈ ಬಂದಿದೆ. ತೊಂದರೆ ಸಿಂಥಸೈಜರಿನ ತಳದ ಗುಡುಗು. ಹಿತ್ತಾಳೆಯ ಪ್ರತಿ ಉಬ್ಬರದಡಿಗೂ ಅದನ್ನು ಸುರಿಯುತ್ತಾರೆ. ಅಭಿಮಾನಿಗಳ ಬಾಯಲ್ಲಿ ಇದು ‘ಥಂಡರಸ್ ಗೂ’. ಟ್ಯೂಬಾ ಹೊತ್ತ ಹುಡುಗಿ ಬೇಸಿಗೆಯಿಡೀ ಬೆವರು ಸುರಿಸಿ ತಂದ ದನಿಯನ್ನು ಒಂದು ಕೀಲಿಮಣೆ ನುಂಗಿ ಹಾಕುತ್ತದೆ. ಇದೇ ಯಂತ್ರವನ್ನು ಬುದ್ಧಿಯಿಂದ ಬಳಸಿದರೆ ಏನಾಗುತ್ತದೆಂದು ತೋರಿಸಿದ್ದು 2014ರ ಬ್ಲೂಕೋಟ್ಸ್. ಹಾರ್ನ್‌ಲೈನ್ ಮತ್ತು ಸಿಂಥ್ ಎರಡೂ ಸೇರಿ ಇಡೀ ಸ್ವರಮೇಳವನ್ನೇ ಕೆಳಕ್ಕೆ ಜಾರಿಸಿದಾಗ ಕ್ರೀಡಾಂಗಣವೇ ವಾಲಿದಂತಾಯಿತು. ಆ ತಂಡದ ಊರು ಒಹಾಯೊದ ಕ್ಯಾಂಟನ್, ಈ ದಾರಿಗೆ ಸ್ವಲ್ಪ ಉತ್ತರಕ್ಕಿದೆ.

ಸೋಮವಾರ, ಮಂಗಳವಾರ: ಮೇರಿಯನ್

ಇಂಡಿಯಾನಾಪೊಲಿಸ್‌ನಿಂದ ಈಶಾನ್ಯಕ್ಕೆ ನೂರು ಕಿಲೋಮೀಟರ್ ಮೇಲೆ. ಇಲ್ಲಿ ಓಪನ್ ಕ್ಲಾಸ್ ತಂಡಗಳ ಚಾಂಪಿಯನ್‌ಶಿಪ್. ತಂಡಗಳು ಚಿಕ್ಕವು, ಋತು ಗಿಡ್ಡ, ಶುಲ್ಕ ಕಡಿಮೆ. ಬ್ಲೂ ಡೆವಿಲ್ಸ್‌ನ ಕಿರಿಯ ತಂಡದಂಥವು ಇಲ್ಲಿಯವು. ಸಾಮಾನ್ಯ ಪ್ರವಾಸಿ ಈ ಎರಡು ದಿನ ಹಾರಿಸಿಬಿಡುತ್ತಾನೆ. ಮಕ್ಕಳನ್ನು ಕಳಿಸುವ ಯೋಚನೆಯಿದ್ದವರು ಹಾರಿಸಬಾರದು. ಮೊದಲ ಬೇಸಿಗೆಗೆ ಹದಿನಾಲ್ಕು ಹದಿನೈದರ ಮಕ್ಕಳಿಗೆ ಸರಿಯಾದ ಜಾಗ ಇದೇ. ಜನ ಕಡಿಮೆ ಇರುವುದರಿಂದ ಒಬ್ಬ ತಪ್ಪಿದರೆ ಅಡಗಲು ಜಾಗವಿಲ್ಲ, ಕಲಿಕೆ ಬೇಗ.

ಬುಧವಾರ: ಶಾಲೆಯ ಮೈದಾನ

ತಂಡಗಳೆಲ್ಲ ಇಂಡಿಯಾನಾಪೊಲಿಸ್ ಸುತ್ತಲ ಶಾಲೆಗಳಲ್ಲಿ ಬೀಡುಬಿಟ್ಟಿರುತ್ತವೆ. ಅಭ್ಯಾಸ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಬೆಂಚಿನ ಮೇಲೆ ಕೂರಿ, ತರಬೇತುದಾರರ ಗೋಪುರ ಹತ್ತಬೇಡಿ, ವಿಡಿಯೊ ತೆಗೆಯುವ ಮೊದಲು ಕೇಳಿ, ಪೂರ್ತಿ ಓಟ ಮುಗಿಯುವ ತನಕ ಚಪ್ಪಾಳೆ ಬೇಡ.

ಒಬ್ಬೊಬ್ಬರ ಸೊಂಟಕ್ಕೋ ಕುತ್ತಿಗೆಗೋ ಕಟ್ಟಿದ ಚಿಕ್ಕ ಪುಸ್ತಕ ಕಾಣುತ್ತದೆ, ಅದೇ ಡಾಟ್ ಬುಕ್. ಪ್ರದರ್ಶನದಲ್ಲಿ ನೂರಕ್ಕೂ ಹೆಚ್ಚು ‘ಸೆಟ್’ಗಳಿರುತ್ತವೆ (ತಂಡ ಬಂದು ಸೇರುವ ಒಂದೊಂದು ಆಕಾರ), ಪ್ರತಿಯೊಂದಕ್ಕೂ ತನ್ನ ಜಾಗ ಬರೆದುಕೊಂಡಿರಬೇಕು: ‘ಸೈಡ್ ಒಂದು, 40ರ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಮುಂದಿನ ಹ್ಯಾಶಿನಿಂದ ಆರು ಹೆಜ್ಜೆ ಹಿಂದೆ.’ ಹೆಜ್ಜೆಯ ಅಳತೆ ಐದು ಗಜಕ್ಕೆ ಎಂಟು, ಅಂದರೆ ಒಂದಕ್ಕೆ 22.5 ಇಂಚು, 57 ಸೆಂಟಿಮೀಟರ್. ಈ ಹೆಜ್ಜೆ ಮೈಗೆ ಕೂತಿದ್ದರೆ ನೆಲ ನೋಡದೆ ನಡೆಯಬಹುದು. ದೂರ ಹೆಚ್ಚಿ ಹೆಜ್ಜೆ 75, 80 ಸೆಂಟಿಮೀಟರ್‌ಗೆ ಹಿಗ್ಗಿದಾಗ ಉಸಿರಿಗೂ ಕಾಲಿಗೂ ಜಗಳ. ಹತ್ತು ಕಿಲೋ ಮೀರಿದ ಟ್ಯೂಬಾ ಹೆಗಲ ಮೇಲಿರುವಾಗ ಕೊಳವೆ ಕುಲುಕಿದರೆ ಸ್ವರವೂ ಕುಲುಕುತ್ತದೆ. ಅದಕ್ಕೇ ಸೊಂಟದಿಂದ ಮೇಲೆ ಕಲ್ಲಿನ ಹಾಗೆ, ಕೆಳಗೆ ಎಣ್ಣೆಯ ಹಾಗೆ ಇರಬೇಕೆಂದು ಬೆಳಗಿನಿಂದ ತಿದ್ದುವುದು.

ಪದೇ ಪದೇ ಕಿವಿಗೆ ಬೀಳುವ ಕೂಗು ‘ಲಿಸನ್ ಬ್ಯಾಕ್’. ಇದರ ಹಿಂದೆ ಸರಳ ಲೆಕ್ಕವಿದೆ. ಮೈದಾನದ ಅಗಲ 48.8 ಮೀಟರ್. ದನಿ ಹಿಂದಿನ ಗೆರೆಯಿಂದ ಮುಂದಿನ ಗೆರೆಗೆ ಬರಲು 0.14 ಸೆಕೆಂಡ್ ಬೇಕು. 180ರ ವೇಗದಲ್ಲಿ ಒಂದು ಬಡಿತವೇ 0.33 ಸೆಕೆಂಡ್. ಹಾಗಾಗಿ ಎಲ್ಲರೂ ಡ್ರಮ್ ಮೇಜರನ ಕೈ ನೋಡಿ ಒಂದೇ ಕ್ಷಣಕ್ಕೆ ನುಡಿಸಿದರೆ, ಪ್ರೇಕ್ಷಕನಿಗೆ ಹಿಂದಿನವರು ಹೆಚ್ಚುಕಡಿಮೆ ಅರ್ಧ ಬಡಿತ ತಡ! ಪರಿಹಾರ: ಹಿಂದೆ ನಡುವಿನಲ್ಲಿರುವ ಬ್ಯಾಟರಿ ಡ್ರಮ್ ಮೇಜರನನ್ನು ನೋಡಿ ನುಡಿಸಬೇಕು, ಅದಕ್ಕಿಂತ ಮುಂದಿರುವ ಎಲ್ಲರೂ ಕಣ್ಣನ್ನು ಮರೆತು ಹಿಂದಿನಿಂದ ಬರುವ ದನಿಯ ಮೇಲೆ ತಮ್ಮ ಸ್ವರ ಕೂರಿಸಬೇಕು. ಪಿಟ್ ಅಂತೂ ಪೂರ್ತಿ ಕಿವಿಯ ಮೇಲೆ. ಬ್ಯಾಟರಿ ಮೈದಾನದ ಒಂದು ಮೂಲೆಗೆ ಸರಿದ ಕ್ಷಣದಲ್ಲೇ ತಂಡಗಳ ತಾಳ ಹರಿದುಹೋಗುವುದು ಇದರಿಂದ. ಯಾರನ್ನು ಕೇಳಬೇಕೆಂಬುದು ಆ ಹೊತ್ತಿಗೆ ಬದಲಾಗಿರುತ್ತದೆ, ಹತ್ತು ಜನ ಹಳೆಯದನ್ನೇ ಕೇಳುತ್ತಿರುತ್ತಾರೆ.

ಗುರುವಾರ: ಪ್ರಿಲಿಮ್ಸ್ (ಮೊದಲ ಸುತ್ತು)

ಲ್ಯೂಕಾಸ್ ಆಯಿಲ್ ಕ್ರೀಡಾಂಗಣ ಊರಿನ ನಟ್ಟನಡುವೆ. 2008ರ ಚಾಂಪಿಯನ್‌ಶಿಪ್ಪೇ ಇಲ್ಲಿ ನಡೆಯಬೇಕಿತ್ತು, ಕಟ್ಟಡ ಮುಗಿಯದೆ ಬ್ಲೂಮಿಂಗ್‌ಟನ್‌ಗೆ ಹೋಯಿತು. 2009ರಿಂದ ಇದೇ ಕಾಯಂ ನೆಲೆ. ಒಳಗೆ ಪಾರದರ್ಶಕ ಚೀಲ ಮಾತ್ರ, 12×6×12 ಇಂಚಿನೊಳಗೆ. ಹೊರಗೆ 30 ಡಿಗ್ರಿ ಇದ್ದರೂ ಒಳಗೆ ಎಸಿ, ಹನ್ನೆರಡು ಗಂಟೆ ಕೂರುವವರು ಸ್ವೆಟರ್ ಹಿಡಿದುಕೊಳ್ಳಿ. ಸಸ್ಯಾಹಾರಿಗೆ ಒಳಗೆ ಸಿಗುವುದು ಪ್ರೆಟ್ಸಲ್, ಪಾಪ್‌ಕಾರ್ನ್, ಚೀಸ್ ಸುರಿದ ಚಿಪ್ಸ್. ಬೆಳಿಗ್ಗೆ ಗಟ್ಟಿಯಾಗಿ ತಿಂದೇ ಬನ್ನಿ.

ಇಡೀ ವಾರದಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಸಿಗುವ ದಿನ ಇದು. ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ತಂಡಗಳೂ, ಹದಿನೈದು ಹದಿನೇಳು ನಿಮಿಷಕ್ಕೊಂದರಂತೆ. ಕೆಳಗಿನ ಸಾಲಿನಲ್ಲಿ, 35ರ ಗೆರೆಯ ಆಸುಪಾಸು ಕೂರಿ. ಐವತ್ತರ ನೇರಕ್ಕೆ ಕೆಳಗೆ ಕೂತರೆ ಪಿಟ್‌ನ ಸದ್ದಿನಲ್ಲಿ ಉಳಿದದ್ದು ಮುಳುಗಿ ಹೋಗುತ್ತದೆ. ಹತ್ತಿರದಿಂದ ಗಾರ್ಡನ್ನು ನೋಡಿ. ರೈಫಲ್ ಒಂದು ಮೀಟರಿನಷ್ಟು ಉದ್ದದ ಮರದ ತುಂಡು, ಆರು ಏಳು ಸುತ್ತು ತಿರುಗಿ ಬರುವುದನ್ನು ಹದಿನೈದು ಮಂದಿ ಒಂದೇ ‘ಟಪ್’ ಸದ್ದಿನಲ್ಲಿ ಹಿಡಿಯಬೇಕು. ಕಣ್ಣು ಮುಚ್ಚಿ ಕೇಳಿದರೂ ಸಾಕು, ಯಾವ ತಂಡ ಮಾಗಿದೆ ಗೊತ್ತಾಗುತ್ತದೆ.

ತೀರ್ಪಿನ ಲೆಕ್ಕ ಇವತ್ತೇ ತಿಳಿದಿರಲಿ. ನೂರು ಅಂಕದಲ್ಲಿ ‘ಜನರಲ್ ಎಫೆಕ್ಟ್’, ಅಂದರೆ ಒಟ್ಟು ಪರಿಣಾಮಕ್ಕೆ 40, ದೃಶ್ಯಕ್ಕೆ 30, ಸಂಗೀತಕ್ಕೆ 30. ಎಫೆಕ್ಟ್‌ನಲ್ಲಿ ಇಪ್ಪತ್ತರ ಎರಡು ಭಾಗ ನೇರವಾಗಿ ಕೂಡುತ್ತವೆ. ದೃಶ್ಯದಲ್ಲೂ ಸಂಗೀತದಲ್ಲೂ ಇಪ್ಪತ್ತರ ಮೂರು ಮೂರು ಭಾಗ, ಮೊತ್ತವನ್ನು ಎರಡರಿಂದ ಭಾಗಿಸುತ್ತಾರೆ. ಪರಿಣಾಮ ಏನೆಂದರೆ, ಹಿತ್ತಾಳೆ ತೀರ್ಪುಗಾರ ಕೊಟ್ಟ ಹೆಚ್ಚುವರಿ 0.2 ಕೊನೆಗೆ 0.1 ಆಗುತ್ತದೆ, ಎಫೆಕ್ಟ್‌ನವನ 0.2 ಹಾಗೇ ಉಳಿಯುತ್ತದೆ. ತಂಡಗಳು ಸಜ್ಜಿಕೆಗೂ ವೇಷಕ್ಕೂ ಯಾಕೆ ದುಡ್ಡು ಸುರಿಯುತ್ತವೆ ಅನ್ನುವುದಕ್ಕೆ ಉತ್ತರ ಈ ಭಾಗಾಕಾರದಲ್ಲಿದೆ. 1983ರವರೆಗೆ ಪದ್ಧತಿ ಬೇರೆಯಿತ್ತು. ಕಂಡ ಪ್ರತಿ ತಪ್ಪಿಗೂ 0.1 ಕಡಿತ, ಅದೇ ‘ಟಿಕ್’. ಆಗ ತಪ್ಪಾಗದಂತೆ ಸುಲಭದ್ದನ್ನೇ ಬರೆಯುವುದು ಜಾಣತನವಾಗಿತ್ತು. ಟಿಕ್ ಹೋದ ಮೇಲೆ ಕಷ್ಟಕ್ಕೆ ಬೆಲೆ ಬಂತು. ಇವತ್ತಿನ ಹುಡುಗರ ಕೈಚಳಕ ನಲವತ್ತು ವರ್ಷದ ಹಿಂದಿನವರಿಗಿಂತ ಅಷ್ಟು ಮುಂದೆ ಹೋಗಿರುವುದರಲ್ಲಿ ಆ ಒಂದು ನಿರ್ಧಾರದ ಪಾಲು ದೊಡ್ಡದು.

ಒಳಾಂಗಣದ ಕಾಟ ಬೇಗನೇ ತಿಳಿಯುತ್ತದೆ. ಹಾರ್ನ್‌ಲೈನ್ ಒಂದು ಉಬ್ಬರದ ತುದಿಯಲ್ಲಿ ಚಕ್ಕನೆ ನಿಲ್ಲಿಸುತ್ತದೆ, ಸ್ವರ ಮಾತ್ರ ಎದುರು ಗೋಡೆಗೆ ಬಡಿದು ಇನ್ನೂ ತೇಲುತ್ತಿರುತ್ತದೆ. ಮುಂದಿನ ಸ್ವರ ಅದರ ಮೇಲೆಯೇ ಬಿದ್ದರೆ ಕಲಸುಮೇಲೋಗರ. ಅನುಭವಿ ಸಂಯೋಜಕರು ಇಲ್ಲಿಗೆಂದೇ ಆ ಜಾಗದಲ್ಲಿ ಒಂದೆರಡು ಬಡಿತ ಮೌನ ಸೇರಿಸಿರುತ್ತಾರೆ. ಅಲೆಂಟೌನ್‌ನಲ್ಲಿ ಕೇಳಿದವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ನಿಸ್ತಂತು ಮೈಕ್ ಕೈಕೊಡುವುದೂ ಇಲ್ಲೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಒಂಟಿ ವಾದಕ ಬಾಯಿಗಿಟ್ಟು ಊದುತ್ತಿದ್ದಾನೆ, ದನಿಯೇ ಇಲ್ಲ. ಆಗ ತೀರ್ಪುಗಾರ ಕೇಳಿದ್ದಕ್ಕೆ ಮಾತ್ರ ಅಂಕ ಕೊಡಬಲ್ಲ.

ಶುಕ್ರವಾರ: ಸೆಮಿಫೈನಲ್ಸ್

25 ತಂಡ, ನಿನ್ನೆಯ ಅಂಕದ ಹಿಮ್ಮುಖ ಕ್ರಮದಲ್ಲಿ. ಇವತ್ತು ಮೇಲಿನ ಮಹಡಿಗೆ ಹತ್ತಿ. ನಿನ್ನೆ ಮುಖ ಕಂಡವರು ಇವತ್ತು ಆಕಾರ ಕಾಣುತ್ತಾರೆ. ಕೆಳಗಿನಿಂದ ಗೊಂದಲವೆನಿಸಿದ್ದು ಮೇಲಿನಿಂದ ವೃತ್ತವೊಂದು ಬಿಚ್ಚಿಕೊಂಡು ಕರ್ಣರೇಖೆಯಾಗುವ ಕ್ರಮವಾಗಿ ಕಾಣುತ್ತದೆ. ಸಾಲಿನಲ್ಲಿ ತಪ್ಪು ಹುಡುಕುವವರು ತುದಿಗಳನ್ನು ಬಿಟ್ಟು ತುದಿಯಿಂದ ಮೂರನೆಯವನನ್ನು ನೋಡಲಿ, ವಕ್ರ ಶುರುವಾಗುವುದು ಅಲ್ಲಿಂದ. ಒಂದೇ ತಂಡವನ್ನು ಬಯಲಲ್ಲಿ, ಕೆಳಗಿನಿಂದ, ಮೇಲಿನಿಂದ ಮೂರು ಸಲ ನೋಡಿದ ಮೇಲೆಯೇ ಅಭಿಪ್ರಾಯ ಹೇಳುವ ಅರ್ಹತೆ ಬರುವುದು. ಶನಿವಾರ ಒಂದೇ ದಿನ ಬಂದು ‘ಅನ್ಯಾಯ’ ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ರಾತ್ರಿಯ ನಿಜವಾದ ಪೈಪೋಟಿ ಮೇಲಿನ ಮೂರು ಸ್ಥಾನಕ್ಕಲ್ಲ, ಹನ್ನೆರಡನೆಯದಕ್ಕೆ. ನಾಳೆಗೆ ಹನ್ನೆರಡೇ ತಂಡ. ಹದಿಮೂರನೆಯವರು ನಾಳೆ ಪ್ರೇಕ್ಷಕರು. ಸಂಜೆಯ ಆ ಹೊತ್ತಿನ ನಾಲ್ಕು ತಂಡಗಳನ್ನು ಬಿಡಬೇಡಿ, ಊಟಕ್ಕೆ ಹೋಗುವುದಾದರೆ ಅದಕ್ಕೂ ಮೊದಲು ಹೋಗಿ ಬನ್ನಿ.

ಶನಿವಾರ: ಫೈನಲ್ಸ್

ಹಗಲೆಲ್ಲ ಪೇಟೆಯಲ್ಲಿ ಸೌಂಡ್‌ಸ್ಪೋರ್ಟ್‌ನ ಚಿಕ್ಕ ತಂಡಗಳು, ಡ್ರಮ್‌ಲೈನ್ ಬ್ಯಾಟಲ್. ಬಿಸಿಲಿಗೆ ಬೇಸರವಾದರೆ ಮಾನ್ಯುಮೆಂಟ್ ಸರ್ಕಲ್‌ವರೆಗೆ ನಡೆದು ಬರಬಹುದು. ಸಂಜೆ ಹನ್ನೆರಡು ತಂಡ, ನಿನ್ನೆ ಮೊದಲಿದ್ದವರು ಕೊನೆಗೆ. ಬ್ಲೂಕೋಟ್ಸ್ ಮೈದಾನಕ್ಕಿಳಿದರೆ ಇಡೀ ಕ್ರೀಡಾಂಗಣ ‘ಬ್ಲೂ’ ಎಂದು ಎಳೆಯುತ್ತದೆ, ಮೊದಲ ಸಲ ಬಂದವರು ‘ಬೂ’ ಎಂದು ತಪ್ಪು ತಿಳಿಯುವುದುಂಟು. ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿದವರಿಗೆ ಸಾಲು, ಕಹಳೆ, ಶಿಸ್ತು ಪರಿಚಿತ ಎನಿಸಬಹುದು. ಆದರೆ ಇಲ್ಲಿ ಊದುವವರೇ ಓಡುತ್ತಾರೆ, ಕುಣಿಯುತ್ತಾರೆ, ನೆಲಕ್ಕೆ ಬಿದ್ದು ಎದ್ದು ಮುಂದಿನ ಬಡಿತಕ್ಕೆ ಸ್ವರ ಹಿಡಿಯುತ್ತಾರೆ. ಕವಾಯತು ಹಿಂದೆ ಉಳಿದು ರಂಗಭೂಮಿ ಮುಂದೆ ಬಂದಿದೆ. ಎಲ್ಲರೂ ಕಾಲು ನಿಲ್ಲಿಸಿ ಪ್ರೇಕ್ಷಕರತ್ತ ತಿರುಗಿ ಊದಿಬಿಡುವ ಹಳೆಯ ‘ಪಾರ್ಕ್ ಅಂಡ್ ಬಾರ್ಕ್’ ಈಗ ಪ್ರದರ್ಶನಕ್ಕೆ ಒಂದೋ ಎರಡೋ ಸಲ. ಅದು ಬಂದಾಗ ಮಾತ್ರ ಎಪ್ಪತ್ತರ ದಶಕದವರೂ ಎದ್ದು ನಿಲ್ಲುತ್ತಾರೆ.

ಅಂಕ ಎಷ್ಟು ಹತ್ತಿರ ಬರುತ್ತದೆಂಬುದಕ್ಕೆ ಎಲ್ಲರೂ ಹೇಳುವ ಉದಾಹರಣೆ 2008. ಫ್ಯಾಂಟಮ್ ರೆಜಿಮೆಂಟ್ 98.125, ಬ್ಲೂ ಡೆವಿಲ್ಸ್ 98.100. ವ್ಯತ್ಯಾಸ ಒಂದು ಅಂಕದ ನಲವತ್ತನೇ ಒಂದು ಪಾಲು. 1996, 1999, 2000ದಲ್ಲಿ ಮೇಲಿನ ಸ್ಥಾನ ಇಬ್ಬರಿಗೆ ಹಂಚಿಹೋಗಿತ್ತು. ಅತಿ ಹೆಚ್ಚಿನ ಅಂಕ 2014ರ ಬ್ಲೂ ಡೆವಿಲ್ಸ್‌ನದು, 99.650. ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನ ಈ ತಂಡ 1976ರಿಂದ 2023ರವರೆಗೆ 21 ಸಲ ಗೆದ್ದಿದೆ, ಅವರನ್ನು ಮೆಚ್ಚುವವರಷ್ಟೇ ‘ಮತ್ತೆ ಅವರೇನಾ’ ಅನ್ನುವವರೂ ಇದ್ದಾರೆ. 1940ರಲ್ಲಿ ಹುಟ್ಟಿದ ಬಾಸ್ಟನ್ ಕ್ರುಸೇಡರ್ಸ್ 2025ರಲ್ಲಿ ಮೊದಲ ಸಲ ಗೆದ್ದಾಗ ಬೇರೆ ತಂಡಗಳ ಅಭಿಮಾನಿಗಳೂ ಖುಷಿಪಟ್ಟದ್ದಕ್ಕೆ ಕಾರಣ ಹುಡುಕಬೇಕಿಲ್ಲ. ಅವರೊಂದು ಕಾಲಕ್ಕೆ ಹನ್ನೆರಡರೊಳಗೆ ಬರಲೇ ಹೆಣಗಿದ ತಂಡ.

ಕೊನೆಯ ಪ್ರದರ್ಶನ ಮುಗಿದ ತಕ್ಷಣ ಪಾರ್ಕಿಂಗ್‌ಗೆ ಓಡಬೇಡಿ. ವಿಭಾಗ ಪ್ರಶಸ್ತಿಗಳು ಇನ್ನೂ ಇವೆ: ಹಿತ್ತಾಳೆಗೆ ಜಿಮ್ ಆಟ್, ತಾಳವಾದ್ಯಕ್ಕೆ ಫ್ರೆಡ್ ಸ್ಯಾನ್‌ಫರ್ಡ್, ಗಾರ್ಡ್‌ಗೆ ಜಾರ್ಜ್ ಝಿಂಗಾಲಿ, ದೃಶ್ಯಕ್ಕೆ ಜಾನ್ ಬ್ರಜಾಲೆ, ಒಟ್ಟು ಪರಿಣಾಮಕ್ಕೆ ಡಾನ್ ಏಂಜೆಲಿಕಾ ಹೆಸರಿನವು. ಬಲ್ಲವರು ಮುಖ್ಯ ಟ್ರೋಫಿಗಿಂತ ಫ್ರೆಡ್ ಸ್ಯಾನ್‌ಫರ್ಡ್ ಯಾರಿಗೆ ಹೋಯಿತು ಅನ್ನುವುದರ ಮೇಲೆ ಹೆಚ್ಚು ಹೊತ್ತು ಜಗಳವಾಡುತ್ತಾರೆ.

ಭಾನುವಾರದ ವಿಮಾನ ಬೆಳಗಿನದು ಬೇಡ. ಫೈನಲ್ಸ್ ಮುಗಿದು ಊಟ ಮಾಡಿ ಮಲಗುವ ಹೊತ್ತಿಗೆ ಎರಡಾಗಿರುತ್ತದೆ. ಊರಿನ ಹೋಟೆಲುಗಳು ಈ ವಾರಕ್ಕೆ ತಿಂಗಳುಗಳ ಮೊದಲೇ ತುಂಬುತ್ತವೆ, ಕ್ರೀಡಾಂಗಣಕ್ಕೆ ನಡೆದು ಹೋಗುವ ದೂರದಲ್ಲಿ ಬೇಕಾದರೆ ಚಳಿಗಾಲದಲ್ಲೇ ಹಿಡಿಯಬೇಕು. ಮುಂದಿನ ಋತುವಿನ ಆಯ್ಕೆ ಕ್ಯಾಂಪುಗಳು ನವೆಂಬರ್ ಡಿಸೆಂಬರ್‌ನಲ್ಲಿ. ಅಭ್ಯಾಸದ ಹಾಳೆಗಳು ಅದಕ್ಕೂ ಮೊದಲೇ ತಂಡಗಳಿಂದ ಸಿಗುತ್ತವೆ. ಮಗ ಸ್ನೇರ್ ನುಡಿಸುವವನಾದರೆ ಎಯ್ಟ್ಸ್‌ನಿಂದ ಶುರುಮಾಡಲಿ, ಕನ್ನಡಿಯ ಮುಂದೆ, ಮೂರು ಇಂಚಿನ ಎತ್ತರದಲ್ಲಿ.